ತಿಳಿ ಮತ್ತು ಗಸಿ



ಈ ಬಾರಿಯ ವಿಷಯವನ್ನು ಕಂಡು ನಿಮ್ಮಲ್ಲಿ ಕೆಲವರಾದರೂ ಹುಬ್ಬೇರಿಸುವಿರಿ. 34 ವರ್ಷ ವಿಜ್ಞಾನ ಪಾಠ ಹೇಳಿದ, ಜೀವಮಾನದಲ್ಲಿ ಒಂದು ಹನಿ ಮದ್ಯವನ್ನೂ ನಾಲಗೆಗೆ ಸೋಕಿಸದ ಈ ಮುದುಕ ಬಿಯರಿನ ಪಾತ್ರೆಯ ಚರಿತ್ರೆಯನ್ನು ಬರೆಯಲು ಕುಳಿತಿದ್ದಾನೆ. ವಯಸ್ಸಾಯಿತು, ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದುಕೊಳ್ಳಬೇಡಿ. ಚರಿತ್ರೆಯ ಜೊತೆಗೆ ನನ್ನದೊಂದು ಹಳೆಯ ಬಾಕಿಯೂ ಇದೆ. ಅದನ್ನು ತೀರಿಸುವುದಕ್ಕಾಗಿಯೇ ಈ ಬರಹ. ಕೊನೆಯವರೆಗೆ ಓದಬೇಕೆಂದು ವಿನಂತಿ.

2023ರ ಬೇಸಗೆಯಲ್ಲಿ ನಾನು ಮಗಳ ಮನೆಗೆಂದು ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲೆಂಡಿಗೆ ಹೋಗಿದ್ದೆ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿಂದ ಒಂದು ಗಂಟೆಯ ದಾರಿಯಲ್ಲಿದ್ದಾನೆ. ಹೆಸರು ಬೇಡವೆಂದು ಅವನೇ ಕೇಳಿಕೊಂಡಿರುವುದರಿಂದ ಇಲ್ಲಿ ‘ಶಿಷ್ಯ’ ಎಂದಷ್ಟೇ ಕರೆಯುತ್ತೇನೆ. ಅವನೊಡನೆ ಕಲಿತವರಿಗೆ ಯಾರೆಂದು ಹೊಳೆದರೆ ದಯವಿಟ್ಟು ಮನಸ್ಸಿನಲ್ಲೇ ಇಟ್ಟುಕೊಳ್ಳಿ. ಅವನು ಬಂದು ಕಾರಿನಲ್ಲಿ ಕರೆದೊಯ್ದ. ಹೆಂಡತಿ ಮಕ್ಕಳು ಕಾಲಿಗೆರಗಿದರು. ಅಕ್ಕಿರೊಟ್ಟಿ, ಹುರುಳಿಕಾಳಿನ ಬಸ್ಸಾರು, ಎಲ್ಲವೂ ಇತ್ತು. ಊಟವಾದ ಮೇಲೆ ಮನೆಯನ್ನೆಲ್ಲ ತೋರಿಸಿದ. ಕಾರು ನಿಲ್ಲಿಸುವ ಕೋಣೆಯ ಮೂಲೆಯಲ್ಲಿ ಮಾತ್ರ ಹೂವಿನ ಚಿತ್ರದ ಹೊದಿಕೆಯೊಂದನ್ನು ಹೊದ್ದು ಏನೋ ನಿಂತಿತ್ತು. “ಇದೇನಪ್ಪಾ?” ಎಂದೆ. ಅವನು ತಲೆ ತಗ್ಗಿಸಿದ. ಐವತ್ತು ದಾಟಿದ, ತಲೆ ನರೆತ, ನೂರಾರು ಜನರಿಗೆ ಮೇಲಧಿಕಾರಿಯಾದ ಮನುಷ್ಯ, ಒಂಬತ್ತನೆಯ ತರಗತಿಯ ಹುಡುಗನಂತೆ ತಲೆ ತಗ್ಗಿಸಿದ.

“ನೀವು ಬರ್ತೀರಿ ಅಂತ ಮುಚ್ಚಿದೆ ಸಾರ್.”

ಹೊದಿಕೆ ಸರಿಸಿದೆ. ಆಳೆತ್ತರದ ಕಬ್ಬಿಣದ ಕಾಲುಗಳ ಮೇಲೆ ಕೂರಿಸಿದ ಬಿಳಿಯ ಪ್ಲಾಸ್ಟಿಕ್ ಪಾತ್ರೆ. ಮೇಲರ್ಧ ಡ್ರಮ್ಮಿನಂತೆ ನೇರ, ಕೆಳಗರ್ಧ ಆಲಿಕೆಯಂತೆ ಚೂಪು, ತುದಿಯಲ್ಲೊಂದು ನಲ್ಲಿ. ಗಣಿತದ ಭಾಷೆಯಲ್ಲಿ ಹೇಳುವುದಾದರೆ ಸಿಲಿಂಡರಿನ ಕೆಳಗೊಂದು ತಲೆಕೆಳಗಾದ ಶಂಕು. ಮನೆಯಲ್ಲೇ ಬಿಯರ್ ಹುದುಗಿಸುವ ಪಾತ್ರೆ ಅದು.

“ಕಳ್ಳತನ ಅಲ್ಲ ಸಾರ್, ಇಲ್ಲಿ ಕಾನೂನಿದೆ” ಎಂದು ಅವನು ಅವಸರದಿಂದ ಸೇರಿಸಿದ. ಅವನು ಹೇಳಿದ್ದು ಸತ್ಯ. ಅಮೆರಿಕದಲ್ಲಿ 1920ರಲ್ಲಿ ಜಾರಿಗೆ ಬಂದ ಪಾನನಿಷೇಧ 1933ರಲ್ಲಿ ರದ್ದಾದಾಗ, ಮನೆಯಲ್ಲಿ ದ್ರಾಕ್ಷಾರಸ ಮಾಡಿಕೊಳ್ಳಲು ಅವಕಾಶ ದೊರೆಯಿತು, ಬಿಯರಿಗೆ ದೊರೆಯಲಿಲ್ಲ. ಅದಕ್ಕೆ 45 ವರ್ಷ ಕಾಯಬೇಕಾಯಿತು. 1978ರ ಅಕ್ಟೋಬರ್ 14ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಮಾಡಿದ ಕಾನೂನು, ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಎಂದರೆ ಸುಮಾರು 757 ಲೀಟರ್ ಬಿಯರನ್ನು ಸ್ವಂತ ಬಳಕೆಗೆ ತೆರಿಗೆಯಿಲ್ಲದೆ ತಯಾರಿಸಿಕೊಳ್ಳಲು ಅನುಮತಿ ನೀಡಿತು. ರಾಜ್ಯಗಳು ಒಂದೊಂದಾಗಿ ಒಪ್ಪಿದವು. ಕೊನೆಗೆ ಒಪ್ಪಿದ ಅಲಬಾಮ ಮತ್ತು ಮಿಸಿಸಿಪಿ 2013ರವರೆಗೂ ಕಾಯಿಸಿದವು. ಬ್ರಿಟನ್ನಿನಲ್ಲಿ 1880ರಿಂದ ಮನೆಯ ಬಿಯರಿಗೂ ಪರವಾನಗಿ ಬೇಕಾಗಿತ್ತು. ಹಣಕಾಸು ಮಂತ್ರಿ ರೆಜಿನಾಲ್ಡ್ ಮಾಡ್ಲಿಂಗ್ 1963ರಲ್ಲಿ ಅದನ್ನು ತೆಗೆದುಹಾಕಿದರು. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದುದರಿಂದ ಇದನ್ನೋದಿ ಯಾರೂ ಊರಿನಲ್ಲಿ ಪ್ರಯೋಗಕ್ಕಿಳಿಯಬಾರದು.

ಕಾನೂನಿನ ಮಾತು ಮುಗಿದ ಮೇಲೆ ನನ್ನೊಳಗಿನ ವಿಜ್ಞಾನದ ಮೇಷ್ಟ್ರು ಎಚ್ಚೆತ್ತ. ಈ ಆಕಾರವೇಕೆ? ನೇರ ತಳದ ಪಾತ್ರೆ ಸಾಲದೇ?

ಇದಕ್ಕೆ ಉತ್ತರ ಹುಡುಕಲು ಬಹಳ ಹಿಂದಕ್ಕೆ ಹೋಗಬೇಕು. 1516ರಲ್ಲಿ ಜರ್ಮನಿಯ ಬವೇರಿಯದ ದೊರೆಗಳು ಬಿಯರನ್ನು ಬಾರ್ಲಿ, ಹಾಪ್ ಹೂವು ಮತ್ತು ನೀರಿನಿಂದ ಮಾತ್ರ ಮಾಡತಕ್ಕದ್ದೆಂದು ಕಟ್ಟಳೆ ಹೊರಡಿಸಿದರು. ಆ ಪಟ್ಟಿಯಲ್ಲಿ ಯೀಸ್ಟ್ ಇಲ್ಲ. ಬಿಯರನ್ನು ಬಿಯರಾಗಿಸುವ ಮುಖ್ಯ ಪದಾರ್ಥವೇ ಇಲ್ಲ! ಪಾತ್ರೆಯ ತಳದಲ್ಲಿ ನಿಲ್ಲುವ ಗಸಿಯನ್ನು ಕುಶಲಕರ್ಮಿಗಳು ಮುಂದಿನ ಸಲಕ್ಕೆ ಎತ್ತಿಡುತ್ತಿದ್ದರು. ಆದರೆ ಅದು ಏನೆಂದು ಯಾರಿಗೂ ತಿಳಿದಿರಲಿಲ್ಲ. 1680ರಲ್ಲಿ ಹಾಲೆಂಡಿನ ಲೇವನ್‌ಹುಕ್ ತನ್ನ ಸೂಕ್ಷ್ಮದರ್ಶಕದಲ್ಲಿ ಯೀಸ್ಟಿನ ಗುಂಡುಗುಂಡಾದ ಕಣಗಳನ್ನು ಕಂಡ. ಕಂಡರೂ ಅವಕ್ಕೆ ಜೀವವಿದೆಯೆಂದು ಹೇಳಲಿಲ್ಲ. ಹಾಗೆಂದು ಹೇಳಿದವರು 1837ರ ಸುಮಾರಿನಲ್ಲಿ ಮೂವರು: ಫ್ರಾನ್ಸಿನ ಕಾಞಾರ್ ಲಾತೂರ್, ಜರ್ಮನಿಯ ಶ್ವಾನ್ ಮತ್ತು ಕ್ಯುಟ್ಸಿಂಗ್. ಒಬ್ಬರ ಕೆಲಸವನ್ನು ಇನ್ನೊಬ್ಬರು ಅವಲಂಬಿಸದೆ, ಮೂವರೂ ಒಂದೇ ತೀರ್ಮಾನಕ್ಕೆ ಬಂದರು. ಹುದುಗುವಿಕೆ ಜೀವಿಗಳ ಕೆಲಸ ಎಂದರು.

ಆಗ ನಡೆದುದನ್ನು ನೀವು ಗಮನಿಸಬೇಕು. ಆ ಕಾಲದ ರಸಾಯನಶಾಸ್ತ್ರದ ದಿಗ್ಗಜರಾದ ಲೀಬಿಗ್ ಮತ್ತು ವೋಲರ್ ಅವರಿಗೆ ಈ ಮಾತು ಹಿಡಿಸಲಿಲ್ಲ. 1839ರಲ್ಲಿ ಅವರ ಪತ್ರಿಕೆಯಲ್ಲೇ, ಹೆಸರು ಹಾಕದ ಒಂದು ಅಣಕು ಲೇಖನ ಪ್ರಕಟವಾಯಿತು. ಅದರಲ್ಲಿ ಯೀಸ್ಟ್ ಎಂಬುದು ಬಟ್ಟಿಪಾತ್ರೆಯ ಆಕಾರದ ಪುಟ್ಟ ಪ್ರಾಣಿ, ಅದು ಸಕ್ಕರೆ ತಿಂದು ಒಂದು ಕಡೆಯಿಂದ ಆಲ್ಕೊಹಾಲನ್ನೂ ಇನ್ನೊಂದು ಕಡೆಯಿಂದ ಅನಿಲವನ್ನೂ ವಿಸರ್ಜಿಸುತ್ತದೆ ಎಂದು ಗೇಲಿ ಮಾಡಲಾಗಿತ್ತು. ವಿದ್ವಾಂಸರೆಲ್ಲ ನಕ್ಕರು. ಸತ್ಯ ಹೇಳಿದವರು ನಗೆಪಾಟಲಾದರು. ಪಾಶ್ಚರ್ ಬಂದು ದಶಕಗಳ ಕಾಲ ಪ್ರಯೋಗ ನಡೆಸಿ, 1876ರಲ್ಲಿ ಬಿಯರನ್ನು ಕುರಿತೇ ಒಂದು ಗ್ರಂಥ ಪ್ರಕಟಿಸುವ ಹೊತ್ತಿಗೆ ಆ ನಗೆ ನಿಂತಿತ್ತು.

ಇನ್ನು ಡೆನ್ಮಾರ್ಕಿನ ಕತೆ. ಜೆ.ಸಿ. ಜೇಕಬ್‌ಸೆನ್ ಎಂಬಾತ 1845ರಲ್ಲಿ ಮ್ಯೂನಿಕ್ಕಿನಿಂದ ತಳದಲ್ಲಿ ನಿಲ್ಲುವ ಜಾತಿಯ ಯೀಸ್ಟನ್ನು ಕುದುರೆಗಾಡಿಯಲ್ಲಿ ಕೋಪನ್‌ಹೇಗನ್ನಿಗೆ ತಂದನೆಂದೂ, ದಾರಿಯ ತಂಗುದಾಣಗಳಲ್ಲೆಲ್ಲ ಡಬ್ಬಿಯ ಮೇಲೆ ತಣ್ಣೀರು ಸುರಿದು ಕಾಪಾಡಿದನೆಂದೂ ಹೇಳುವರು. ನಮ್ಮ ಅಜ್ಜಿಯರು ಮಗಳ ಮನೆಗೆ ಹೆಪ್ಪು ಕೊಂಡೊಯ್ದ ಹಾಗೆ! 1847ರಲ್ಲಿ ಅವನು ಸ್ಥಾಪಿಸಿದ ಕಾರ್ಲ್ಸ್‌ಬರ್ಗ್ ಕಾರ್ಖಾನೆ 1875ರಲ್ಲಿ ಒಂದು ಪ್ರಯೋಗಾಲಯವನ್ನು ತೆರೆಯಿತು. ಅಲ್ಲಿ 1883ರಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಒಂದೇ ಒಂದು ಕೋಶದಿಂದ ಶುದ್ಧ ಯೀಸ್ಟನ್ನು ಬೆಳೆಸಿದ. ಜೇಕಬ್‌ಸೆನ್ ಅದನ್ನು ಗುಟ್ಟಾಗಿಡದೆ ಇತರ ತಯಾರಕರಿಗೂ ಹಂಚಿದ. ನಾನು ನಿಮಗೆ ಲಿಟ್ಮಸ್ ಕಾಗದದೊಡನೆ ಕಲಿಸಿದ ಪಿಎಚ್ ಮಾನವೂ ಇದೇ ಪ್ರಯೋಗಾಲಯದ ಸೋರೆನ್‌ಸೆನ್ 1909ರಲ್ಲಿ ಕೊಟ್ಟ ಕೊಡುಗೆ.

ಯೀಸ್ಟ್ ಶುದ್ಧವಾಯಿತು. ಆದರೆ ಪಾತ್ರೆ ಹಳೆಯದೇ ಉಳಿಯಿತು. ಅಗಲವಾದ ತೊಟ್ಟಿಗಳು, ನೇರ ತಳ, ಬಹುಪಾಲು ಮೇಲೆ ತೆರೆದಂಥವು. ಹುದುಗಿದ ಮೇಲೆ ಬಿಯರನ್ನು ಬೇರೆ ಪಾತ್ರೆಗೆ ವರ್ಗಾಯಿಸಿ ತಣ್ಣನೆಯ ನೆಲಮಾಳಿಗೆಯಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ತಿಳಿಯಾಗಲು ಬಿಡಬೇಕು. ಬಳಿಕ ಆಳುಗಳು ತೊಟ್ಟಿಯೊಳಗಿಳಿದು ತಳದ ಗಸಿಯನ್ನು ಕೆರೆದು ತೆಗೆಯಬೇಕು. ಸ್ವಿಟ್ಜರ್ಲೆಂಡಿನ ಲಿಯೋಪೋಲ್ಡ್ ನಾಥನ್ ಇದಕ್ಕೊಂದು ಪರಿಹಾರ ಕಂಡ. ಎತ್ತರವಾದ ಮುಚ್ಚಿದ ಪಾತ್ರೆ, ತಳದಲ್ಲಿ ಶಂಕು. ಹುದುಗುವುದೂ ಮಾಗುವುದೂ ಒಂದೇ ಪಾತ್ರೆಯಲ್ಲಿ. ಗಸಿ ತಾನಾಗಿ ಜಾರಿ ತುದಿಗಿಳಿಯುತ್ತದೆ. ನಲ್ಲಿ ತಿರುಗಿಸಿದರೆ ಮೊದಲು ಗಸಿ, ಬಳಿಕ ತಿಳಿ. 1908ರಲ್ಲಿ ಅವನು ಮಂಡಿಸಿದ ಈ ವಿಧಾನ ಕೂಡಲೇ ಹರಡಲಿಲ್ಲ. ತುಕ್ಕು ಹಿಡಿಯದ ಉಕ್ಕು ಅಗ್ಗವಾಗಿ, ಪಾತ್ರೆಯ ಹೊರಮೈಯನ್ನು ತಂಪಾಗಿಡುವ ಏರ್ಪಾಟು, ಒಳಗಿಳಿಯದೆ ತೊಳೆಯುವ ಏರ್ಪಾಟು ಎಲ್ಲ ಕೂಡಿಬಂದ ಮೇಲೆ, 1960ರ ದಶಕದಿಂದೀಚೆಗೆ, ಲೋಕದ ದೊಡ್ಡ ಕಾರ್ಖಾನೆಗಳೆಲ್ಲ ಇದನ್ನೇ ಅಪ್ಪಿಕೊಂಡವು. ಒಳ್ಳೆಯ ಕಲ್ಪನೆಯೊಂದು ತಕ್ಕ ಲೋಹಕ್ಕಾಗಿ ಅರ್ಧ ಶತಮಾನ ಕಾಯಿತು.

ಉಕ್ಕಿನ ಪಾತ್ರೆ ಮನೆಯವರಿಗೆ ದುಬಾರಿ. ಆದ್ದರಿಂದ ಇತ್ತೀಚಿನ ವರ್ಷಗಳಲ್ಲಿ ಪ್ಲಾಸ್ಟಿಕ್ಕಿನ ಶಂಕುಪಾತ್ರೆಗಳು ಬಂದಿವೆ. ಆದರೆ ನನ್ನ ಶಿಷ್ಯನಿಗೆ ಅದರಿಂದ ತೃಪ್ತಿಯಾಗಿರಲಿಲ್ಲ. “ನಲ್ಲಿ ತುದೀಲಿರೋದೇ ತೊಂದರೆ ಸಾರ್. ಗಸಿ ತೆಗೆದೆ ಅಂದ್ಕೋತೀನಿ, ಆಮೇಲೆ ಬಿಡೋ ಬಿಯರಿನಲ್ಲೂ ಅದೇ ಬರುತ್ತೆ” ಎಂದ. ಕಾರಣ ಸರಳ. ಗಸಿ ಅಂಟಂಟಾದ ಹಿಟ್ಟಿನಂತಿರುತ್ತದೆ. ಗೋಡೆಗಂಟಿದ ಗಸಿ ಕದಲದೆ ನಿಂತು, ನಡುವೆ ಇಲಿಬಿಲದಂತೆ ರಂಧ್ರ ಕೊರೆದುಕೊಂಡು ಮೇಲಿನ ಬಿಯರ್ ಇಳಿಯುತ್ತದೆ. ಇಳಿಯುತ್ತ ಅಕ್ಕಪಕ್ಕದ ಗಸಿಯನ್ನೂ ಕೊಚ್ಚಿ ತರುತ್ತದೆ. ಕಾರ್ಖಾನೆಯ ಶಂಕುವಿನ ಕೋನ ಸಾಮಾನ್ಯವಾಗಿ 70 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಒಳಮೈ ಕನ್ನಡಿಯಂತೆ ನುಣುಪು, ಮೇಲಿಂದ ಟನ್ನುಗಟ್ಟಲೆ ತೂಕ. ಇಪ್ಪತ್ತು ಲೀಟರಿನ ಪ್ಲಾಸ್ಟಿಕ್ಕಿಗೆ ಆ ಭಾಗ್ಯವಿಲ್ಲ.

“ಅಮ್ಮ ತಿಳಿಸಾರು ಬಡಿಸುವುದನ್ನು ನೋಡಿದ್ದೀಯಲ್ಲವೇ? ಬೇಳೆಯನ್ನು ಕಲಕದೆ ಸೌಟನ್ನು ಮೇಲ್ಗಡೆ ಮುಳುಗಿಸಿ ತಿಳಿಯನ್ನಷ್ಟೇ ತೆಗೆಯುವುದು. ನಿನ್ನ ಪಾತ್ರೆಗೂ ಪಕ್ಕದಿಂದ ಸೌಟು ಬೇಕು” ಎಂದೆ. ಅವನ ಮುಖ ಅರಳಿತು. ಅವನಲ್ಲೂ ಅದೇ ಆಲೋಚನೆಯಿತ್ತು. ಸಾಮಾನನ್ನೂ ತಂದಿಟ್ಟಿದ್ದ. ಕೊರೆಯುವ ಧೈರ್ಯ ಬಂದಿರಲಿಲ್ಲ. ಕಾರ್ಖಾನೆಯ ಪಾತ್ರೆಗಳಲ್ಲಿ ಇದಕ್ಕೆಂದೇ ತಿರುಗುವ ತೋಳೊಂದಿರುತ್ತದೆ. ಅದನ್ನೇ ಸಣ್ಣದಾಗಿ ಮಾಡಬೇಕು.

ಕಾಗದ ಪೆನ್ಸಿಲು ತೆಗೆದುಕೊಂಡು ಲೆಕ್ಕ ಹಾಕಿದೆವು. ಅವನ ಪಾತ್ರೆಯ ಅಡ್ಡಳತೆ 30 ಸೆಂಟಿಮೀಟರ್, ಶಂಕುವಿನ ತುದಿಯ ಕೋನ 60 ಡಿಗ್ರಿ, ಶಂಕುವಿನ ಎತ್ತರ 26 ಸೆಂಟಿಮೀಟರ್. ಒಂದು ಸಲಕ್ಕೆ ನಿಲ್ಲುವ ಗಸಿ ಸುಮಾರು ಒಂದೂವರೆ ಲೀಟರ್. ಶಂಕುವಿನ ಘನಫಲ ನಿಮಗೆ ನೆನಪಿರಬೇಕು: ಪೈ, ತ್ರಿಜ್ಯದ ವರ್ಗ, ಎತ್ತರ, ಇವುಗಳ ಗುಣಲಬ್ಧದ ಮೂರನೆಯ ಒಂದು ಭಾಗ. ಅದರಂತೆ ಗಸಿ ತುದಿಯಿಂದ 16.3 ಸೆಂಟಿಮೀಟರ್ ಎತ್ತರಕ್ಕೆ ಬರುತ್ತದೆ. ನೇರ ತಳದ ಪಾತ್ರೆಯಾಗಿದ್ದರೆ ಅಷ್ಟೇ ಗಸಿ ಎರಡು ಸೆಂಟಿಮೀಟರ್ ದಪ್ಪಕ್ಕೆ ಹರಡಿಕೊಳ್ಳುತ್ತಿತ್ತು. ಆಗ ಬಿಯರಿಗೂ ಗಸಿಗೂ ಸಂಪರ್ಕವಿರುವ ಮೇಲ್ಮೈ ಸುಮಾರು 707 ಚದರ ಸೆಂಟಿಮೀಟರ್. ಶಂಕುವಿನಲ್ಲಿ ಅದು 280ಕ್ಕಿಂತ ಕಡಿಮೆ. ಕಲಕಿಕೊಳ್ಳುವ ಜಾಗವೇ ಅರ್ಧಕ್ಕಿಂತ ಕಡಿಮೆಯಾಯಿತಲ್ಲ, ಶಂಕುವಿನ ಮಹಿಮೆ ಇದು.

ತೂತನ್ನು ಶಂಕುವಿನ ಮೇಲೆಯೇ ಕೊರೆಯಬಾರದೆಂದು ತೀರ್ಮಾನಿಸಿದೆವು. ಇಳಿಜಾರಾಗಿ ಬಾಗಿದ ಮೈಮೇಲೆ ರಬ್ಬರಿನ ಬಿಲ್ಲೆ ಸರಿಯಾಗಿ ಕೂರದೆ ಸೋರುತ್ತದೆ. ಬದಲಿಗೆ ಶಂಕು ಮುಗಿದು ನೇರ ಗೋಡೆ ಆರಂಭವಾಗುವಲ್ಲಿ, ತುದಿಯಿಂದ 28 ಸೆಂಟಿಮೀಟರ್ ಎತ್ತರದಲ್ಲಿ ಕೊರೆದು, ಒಳಗೆ ಆರೇಳು ಸೆಂಟಿಮೀಟರ್ ಚಾಚಿ ಕೆಳಕ್ಕೆ ಬಾಗುವ ಉಕ್ಕಿನ ಕೊಳವೆಯನ್ನು ಕೂರಿಸಿದೆವು. ಅದರ ಬಾಯಿ ತುದಿಯಿಂದ 18 ಸೆಂಟಿಮೀಟರ್ ಎತ್ತರಕ್ಕೆ, ಗಸಿಗಿಂತ ಸ್ವಲ್ಪ ಮೇಲಕ್ಕೆ ಬರುತ್ತದೆ. ಹೊರಗಿನಿಂದ ತಿರುಗಿಸಿದರೆ ಬಾಯಿ ಮೇಲೇರುತ್ತದೆ, ಇಳಿಯುತ್ತದೆ. ಬಿಯರಿನ ಮಟ್ಟ ತೂತಿಗಿಂತ ಕೆಳಗಿಳಿದರೂ, ಹೊರಗಿನ ರಬ್ಬರ್ ಕೊಳವೆ ಇನ್ನೂ ಕೆಳಗಿರುವುದರಿಂದ ಸೈಫನ್ನಿನ ನಿಯಮದಂತೆ ಹರಿವು ನಿಲ್ಲುವುದಿಲ್ಲ. ಎಲ್ಲೂ ಗಾಳಿ ನುಗ್ಗಬಾರದು, ಅಷ್ಟೆ. ಕೊರೆದ ಅಂಚನ್ನು ನುಣುಪಾಗಿ ಕೆರೆದೆವು. ಪ್ಲಾಸ್ಟಿಕ್ಕಿನಲ್ಲಿ ಗೀರು ಉಳಿದರೆ ಅಲ್ಲಿ ಬ್ಯಾಕ್ಟೀರಿಯಾ ಮನೆಮಾಡುತ್ತವೆ. ನೀರು ತುಂಬಿ ಒಂದು ರಾತ್ರಿ ಬಿಟ್ಟೆವು. ಬೆಳಿಗ್ಗೆ ನೆಲ ಒದ್ದೆಯಾಗಿತ್ತು! ತೆಳ್ಳನೆಯ ಬಿಲ್ಲೆಯನ್ನು ತೆಗೆದು ದಪ್ಪನೆಯ ಸಿಲಿಕೋನ್ ಬಿಲ್ಲೆ ಹಾಕಿದ ಮೇಲೆ ಸೋರುವುದು ನಿಂತಿತು.

ಎರಡು ವಾರಗಳ ನಂತರ ಮತ್ತೆ ಹೋದೆ. ಹುದುಗುವುದು ಮುಗಿದಿತ್ತು. ಪಾತ್ರೆಯನ್ನು ಎರಡು ದಿನ ಹಳೆಯ ಫ್ರಿಜ್ಜಿನಲ್ಲಿ, ನೀರು ಹೆಪ್ಪುಗಟ್ಟುವುದಕ್ಕೆ ಸ್ವಲ್ಪ ಮೇಲಿನ ಉಷ್ಣತೆಯಲ್ಲಿ ಇಟ್ಟಿದ್ದ. ಅಂಥ ತಂಪಿನಲ್ಲಿ ಯೀಸ್ಟ್ ಕೆಲಸ ನಿಲ್ಲಿಸುತ್ತದೆ. ಮೇಲೇಳುವ ಗುಳ್ಳೆಗಳು ಕಲಕುವುದೂ ನಿಲ್ಲುತ್ತದೆ. 1851ರಲ್ಲಿ ಸ್ಟೋಕ್ಸ್ ಪ್ರಕಟಿಸಿದ ನಿಯಮದ ಪ್ರಕಾರ ದ್ರವದಲ್ಲಿ ಮುಳುಗುವ ಕಣದ ವೇಗ ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಒಂಟಿ ಯೀಸ್ಟ್ ಕೋಶ ದಿನಕ್ಕೆ ಕೆಲವೇ ಸೆಂಟಿಮೀಟರ್ ಇಳಿಯಬಲ್ಲದು. ಕೋಶಗಳು ಒಂದಕ್ಕೊಂದು ಅಂಟಿ ಗುಂಪಾದರೆ ಬೇಗಬೇಗನೆ ಇಳಿಯುತ್ತವೆ. ಬಗ್ಗಡದ ನೀರಿನ ಗಡಿಗೆಯ ಒಳಮೈಗೆ ಚಿಲ್ಲದ ಬೀಜವನ್ನು ತೇದು ನಮ್ಮ ಹಿರಿಯರು ಮಾಡುತ್ತಿದ್ದುದೂ ಇದನ್ನೇ, ಮಣ್ಣಿನ ಕಣಗಳನ್ನು ಗುಂಪುಗೂಡಿಸಿ ಕೆಳಗಿಳಿಸುವುದು. ಸಂಸ್ಕೃತದಲ್ಲಿ ಅದೇ ಕತಕ. ಮನುಸ್ಮೃತಿಯಲ್ಲೂ ಸುಶ್ರುತ ಸಂಹಿತೆಯಲ್ಲೂ ಅದರ ಪ್ರಸ್ತಾಪವಿದೆ. ಯುರೋಪಿನವರು ಬಿಯರಿಗೆ ಮೀನಿನ ಗಾಳಿಚೀಲದ ಅಂಟನ್ನು ಬಳಸುತ್ತಿದ್ದರು. ಐರ್ಲೆಂಡಿನ ಗಿನ್ನೆಸ್ ಅದನ್ನು ಕೈಬಿಡುವುದಾಗಿ 2015ರಲ್ಲಿ ಘೋಷಿಸಿತು.

ಶಿಷ್ಯ ಕೊಳವೆಯ ಬಾಯನ್ನು ಮೇಲಿಟ್ಟು ಆರಂಭಿಸಿ, ಮಟ್ಟ ಇಳಿದಂತೆ ಮೆಲ್ಲಮೆಲ್ಲನೆ ಕೆಳಕ್ಕೆ ತಿರುಗಿಸಿದ. ಗಾಜಿನ ಲೋಟ ತುಂಬಿತು. ಅದರ ಹಿಂದೆ ವೃತ್ತಪತ್ರಿಕೆ ಹಿಡಿದೆ. ಅಕ್ಷರಗಳು ಒಡೆದು ಕಂಡವು. ನಾನು ಕುಡಿಯಲಿಲ್ಲ, ಅವನೂ ಒತ್ತಾಯಿಸಲಿಲ್ಲ. ಕೊನೆಯಲ್ಲಿ ತುದಿಯ ನಲ್ಲಿ ತೆರೆದು ಗಸಿಯನ್ನು ಗಾಜಿನ ಭರಣಿಗೆ ಇಳಿಸಿಕೊಂಡು, ಮುಚ್ಚಳವನ್ನು ಸಡಿಲವಾಗಿ ಹಾಕಿ ಫ್ರಿಜ್ಜಿನಲ್ಲಿಟ್ಟ.

“ಇದೇಕೆ?” ಎಂದೆ.

“ಮುಂದಿನ ಸಲಕ್ಕೆ ಹೆಪ್ಪು ಸಾರ್” ಎಂದವನು, ಸ್ವಲ್ಪ ತಡೆದು, “ನಮ್ಮಪ್ಪ ಮಾಡ್ತಿದ್ದ ಹಂಗೇ” ಎಂದ.

ನನಗೆ ಕೈಯಲ್ಲಿದ್ದ ಪತ್ರಿಕೆ ಭಾರವೆನಿಸಿತು. 1985ರ ಒಂದು ಮಧ್ಯಾಹ್ನ ನೆನಪಾಯಿತು. ಒಂಬತ್ತನೆಯ ತರಗತಿಗೆ ಹುದುಗುವಿಕೆಯ ಪಾಠ. ದೋಸೆಹಿಟ್ಟಿನ ಉದಾಹರಣೆ ಕೊಟ್ಟು, ಬೇರೆ ಉದಾಹರಣೆ ಹೇಳಿರೆಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಹೇಳಿದ: “ಸಾರ್, ನಮ್ಮಪ್ಪ ಈಚಲಮರದ ಹೆಂಡ ಇಳಿಸ್ತಾರೆ. ಮೇಲಿನ ತಿಳಿ ಬಗ್ಗಿಸ್ಕೊಂಡು ಗಡಿಗೆ ಪೂರ್ತಿ ತೊಳೆಯೋದಿಲ್ಲ. ತಳದ ಗಸಿ ಉಳಿದ್ರೇನೇ ನಾಳೆ ಬೇಗ ಹುಳಿ ಬರೋದು.” ತರಗತಿ ಗೊಳ್ಳೆಂದಿತು. ನಾನು ಹುಡುಗರನ್ನು ಗದರಲಿಲ್ಲ, ಅವನನ್ನು ಗದರಿದೆ. “ಹೆಂಡದಂಗಡಿ ಮಾತು ಶಾಲೆಯಲ್ಲಿ ಬೇಡ” ಎಂದು ಪಾಠ ಮುಗಿಯುವವರೆಗೆ ಹೊರಗೆ ನಿಲ್ಲಿಸಿದೆ.

ನನಗೆ ಕೋಪವಿದ್ದುದು ನಿಜ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಬಡವರು ಸತ್ತಿದ್ದರು. ನಮ್ಮ ಶಾಲೆಯ ಜವಾನನ ತಮ್ಮನೂ ಅವರಲ್ಲೊಬ್ಬ. ಸಾರಾಯಿ ನಮ್ಮೂರಿನ ಎಷ್ಟು ಮನೆಗಳನ್ನು ಹಾಳು ಮಾಡಿತ್ತೆಂದು ನೋಡಿದ್ದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಕುಡಿತದ ವಿಷಯದಲ್ಲಿ ಇಂದಿಗೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಆ ಜನರನ್ನು ಕೊಂದದ್ದು ಮದ್ಯಕ್ಕೆ ಬೆರೆಸಿದ ಮೀಥೈಲ್ ಆಲ್ಕೊಹಾಲು, ಆ ಹುಡುಗನ ತಂದೆಯ ಗಡಿಗೆಯಲ್ಲ. ಅದನ್ನು ಬಲ್ಲ ವಿಜ್ಞಾನದ ಮೇಷ್ಟ್ರೇ ಎರಡನ್ನೂ ಕಲಸಿಬಿಟ್ಟ. ಹುಡುಗ ಹೇಳಿದ್ದು ಅಂದಿನ ತರಗತಿಯ ಅತ್ಯುತ್ತಮ ಉತ್ತರ. ಜೇಕಬ್‌ಸೆನ್ ಡಬ್ಬಿಯಲ್ಲಿ ತಂದದ್ದು, ನಾಥನ್ ಶಂಕು ಕಟ್ಟಿ ಹಿಡಿದದ್ದು ಆ ಗಸಿಯನ್ನೇ. ಶ್ವಾನನನ್ನು ಗೇಲಿ ಮಾಡಿದ ಪಂಡಿತರ ಕತೆಯನ್ನು ಎಷ್ಟೋ ವರ್ಷ ರಸವತ್ತಾಗಿ ಹೇಳಿದ ನಾನು, ಅವರ ಸಾಲಿನಲ್ಲೇ ನಿಂತಿದ್ದೆನೆಂದು ತಿಳಿಯಲು 38 ವರ್ಷ ಬೇಕಾಯಿತು.

“ಅವತ್ತು ನಾನು ತಪ್ಪು ಮಾಡಿದೆನಪ್ಪ” ಎಂದೆ.

ಅವನು ಭರಣಿಯನ್ನು ನೋಡುತ್ತಲೇ, “ಹೋಗ್ಲಿ ಬಿಡಿ ಸಾರ್” ಎಂದ. ಸ್ವಲ್ಪ ಹೊತ್ತಿನ ಮೇಲೆ, “ಆದ್ರೆ ಅವತ್ತಿಂದ ನಾನು ಕ್ಲಾಸಲ್ಲಿ ಎದ್ದು ನಿಂತು ಮಾತಾಡ್ಲಿಲ್ಲ. ಅಪ್ಪ ಏನು ಮಾಡ್ತಾರೆ ಅಂತ ಯಾರಾದ್ರೂ ಕೇಳಿದ್ರೆ ಕೂಲಿ ಅಂತಿದ್ದೆ. ಅಪ್ಪ ಇರೋವರೆಗೂ ಹಂಗೇ ಹೇಳ್ದೆ” ಎಂದ.

ನನ್ನ ಬಳಿ ಉತ್ತರವಿರಲಿಲ್ಲ.

ಆ ದಿನ ತರಗತಿಯಲ್ಲಿದ್ದು ನಕ್ಕವರು ಈ ಪುಟವನ್ನು ಓದುತ್ತಿದ್ದೀರಿ ಎಂಬುದು ನನಗೆ ಗೊತ್ತು. ನಿಮ್ಮ ತಪ್ಪಿಲ್ಲ, ಮೇಷ್ಟ್ರು ಯಾರ ಕಡೆ ನಿಲ್ಲುತ್ತಾರೋ ಮಕ್ಕಳೂ ಆ ಕಡೆಯೇ ನಿಲ್ಲುತ್ತಾರೆ. ಆದುದರಿಂದ ಅಂದು ಎಲ್ಲರ ಮುಂದೆ ಮಾಡಿದ ತಪ್ಪನ್ನು ಇಂದು ಎಲ್ಲರ ಮುಂದೆಯೇ ಒಪ್ಪಿಕೊಳ್ಳುತ್ತಿದ್ದೇನೆ. ಆ ಹುಡುಗನ ಉತ್ತರ ಸರಿಯಾಗಿತ್ತು. ಅವನ ತಂದೆ ತಮ್ಮ ಕೆಲಸವನ್ನು ಚೆನ್ನಾಗಿ ಬಲ್ಲವರಾಗಿದ್ದರು. ನಿಮ್ಮಲ್ಲಿ ಅನೇಕರು ಈಗ ಶಿಕ್ಷಕರಾಗಿದ್ದೀರಿ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ತನ್ನ ಮನೆಯ ಕಸುಬಿನ ಉದಾಹರಣೆ ಹೇಳಲು ಎದ್ದು ನಿಂತರೆ, ದಯವಿಟ್ಟು ಮಾತು ಮುಗಿಯುವವರೆಗೆ ಕೇಳಿ.

ಬರೆದು ಮುಗಿಸಿದ ಮೇಲೆ ಇದನ್ನು ಮೊದಲು ಅವನಿಗೇ ಕಳುಹಿಸಿ ಒಪ್ಪಿಗೆ ಪಡೆದೆ. ಅವನು ಒಂದೇ ಒಂದು ತಿದ್ದುಪಡಿ ಸೂಚಿಸಿದ. ಗಡಿಗೆಯನ್ನು ತೊಳೆಯುವುದೇ ಇಲ್ಲವೆಂದು ಬರೆದಿದ್ದೆ. “ಪೂರ್ತಿ ತೊಳೆಯೋದಿಲ್ಲ ಅಂತ ಹಾಕಿ ಸಾರ್, ನಮ್ಮಪ್ಪ ಬಲು ಶುಚಿ” ಎಂದ. ತಿದ್ದಿದ್ದೇನೆ.

ಇಂತು,
ನಿಮ್ಮ ಮೇಷ್ಟ್ರು